ಫೋನ್ ಕೊಡಲೇಬೇಕು ಅನ್ನುವ ಹೊಣೆ: ಕ್ಯಾಲಿಫೋರ್ನಿಯಾದ ಲ್ಯಾಂಡ್‌ಲೈನ್ ಪ್ರಕರಣ

2019ರ ಅಕ್ಟೋಬರ್ ಕೊನೆಯ ವಾರ. ಗಾಳಿ ಜೋರಾಗಿತ್ತು, ಕಾಡು ಒಣಗಿ ನಿಂತಿತ್ತು. ತಂತಿ ಹರಿದು ಬೆಂಕಿ ಹತ್ತಬಾರದು ಅಂತ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಊರೂರಿಗೇ ಕರೆಂಟ್ ತೆಗೆದಿದ್ದರು. ನಾವು ಆಗ ಮರಿನ್ ಕೌಂಟಿಯಲ್ಲಿ, ಒಂದು ಗುಡ್ಡದ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಮೊದಲ ರಾತ್ರಿ ಮೊಬೈಲ್ ಹೇಗೋ ನಡೆಯಿತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ಇಂಟರ್ನೆಟ್ ಅಂತೂ ಹಿಂದಿನ ಸಂಜೆಯೇ ಹೋಗಿತ್ತು. ಬೆಂಕಿ ಎಲ್ಲಿದೆ, ನಾವು ಹೊರಡಬೇಕಾ, ಇರಬೇಕಾ, ಏನೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಎಂಬತ್ತು ದಾಟಿದ ಅಜ್ಜಿ, ಒಬ್ಬರೇ ಇರುವವರು. ಅವರ ಅಡುಗೆಮನೆಯ ಗೋಡೆಯಲ್ಲಿ ಕೆನೆಬಣ್ಣದ ಹಳೇ ಫೋನ್, ಸುರುಳಿ ವೈರು ನೆಲಕ್ಕೆ ತಾಗುವಷ್ಟು ಜೋಲುಬಿದ್ದಿದೆ, ಪಕ್ಕದಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಮಗಳ ನಂಬರ್, ಡಾಕ್ಟರ್ ನಂಬರ್. ರಿಸೀವರ್ ಎತ್ತಿ ನನ್ನ ಕಿವಿಗೆ ಕೊಟ್ಟರು. ಡಯಲ್ ಟೋನ್ ಇತ್ತು! ಕೆಲಸಕ್ಕೆ ಅಂತ ಸ್ಯಾನ್ ಹೋಸೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ ಹೆಂಡತಿಗೆ ಆ ಫೋನಿನಿಂದಲೇ ಮಾತಾಡಿದೆ.

ಆ ವಾರ ಮರಿನ್ ಕೌಂಟಿಯ ಮೊಬೈಲ್ ಟವರ್‌ಗಳಲ್ಲಿ 57% ಸತ್ತುಹೋಗಿದ್ದವು. ಇದು ಅಮೆರಿಕದ ಕೇಂದ್ರ ದೂರಸಂಪರ್ಕ ಆಯೋಗ ಎಫ್‌ಸಿಸಿಯೇ ಕೊಟ್ಟ ಲೆಕ್ಕ. ಅರ್ಧಕ್ಕಿಂತ ಜಾಸ್ತಿ.

ಇದಾಗಿ ಮೂರೂವರೆ ವರ್ಷಕ್ಕೆ, 2023ರ ಮಾರ್ಚ್‌ನಲ್ಲಿ, ಎಟಿ ಅಂಡ್ ಟಿ ಕಂಪನಿ ಕ್ಯಾಲಿಫೋರ್ನಿಯಾ ರಾಜ್ಯದ ಮುಂದೆ ಒಂದು ಅರ್ಜಿ ಹಾಕಿತು. ಕೇಳಿದವರಿಗೆಲ್ಲ ಫೋನ್ ಕೊಡಲೇಬೇಕು ಅನ್ನುವ ಹೊಣೆಯಿಂದ ನಮ್ಮನ್ನು ಬಿಡಿಸಿ ಅನ್ನುವುದು ಅದರ ಸಾರ. ಆ ಅರ್ಜಿ ಏನಾಯಿತು, ಯಾಕೆ ಹಾಗಾಯಿತು ಅಂತ ನಾನು ಮೊದಲಿಂದ ಹಿಂಬಾಲಿಸುತ್ತ ಬಂದಿದ್ದೇನೆ. ಲ್ಯಾಂಡ್‌ಲೈನ್ ಅಂದ ಕೂಡಲೇ ಜನ "ಅದು ಇನ್ನೂ ಇದೆಯಾ?" ಅಂತ ಕೇಳುತ್ತಾರೆ. ಇದೆ. ಹಳೇ ನಿಯಮವನ್ನು ಹೊಸ ಕಾಲಕ್ಕೆ ಹೊಂದಿಸುವುದು ಅಂದರೆ ನಿಜಕ್ಕೂ ಏನು ಅಂತ ತಿಳಿಯಲು ಇದಕ್ಕಿಂತ ಒಳ್ಳೇ ಪ್ರಕರಣ ನನಗೆ ಸಿಕ್ಕಿಲ್ಲ.

ಯಾರ ಕೈಯಲ್ಲಿ ಏನಿದೆ

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಅಂಚೆ, ತಂತಿ, ದೂರವಾಣಿ ಎಲ್ಲ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಟ್ರಾಯ್ ದೆಹಲಿಯಲ್ಲಿ ಕೂತು ನಿಯಮ ಮಾಡುತ್ತದೆ, ಕರ್ನಾಟಕ ಸರ್ಕಾರಕ್ಕೆ ಅದರಲ್ಲಿ ಪಾತ್ರವಿಲ್ಲ. ಅಮೆರಿಕದಲ್ಲಿ ಹಾಗಲ್ಲ. 1934ರ ಕಾಯ್ದೆ ಕೆಲಸವನ್ನು ಎರಡು ಪಾಲು ಮಾಡಿತು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕರೆ ಕೇಂದ್ರದ್ದು, ರಾಜ್ಯದ ಒಳಗಿನ ಫೋನ್ ಸೇವೆ ರಾಜ್ಯದ್ದು. ಹಾಗಾಗಿ ಪ್ರತಿ ರಾಜ್ಯಕ್ಕೂ ಒಂದು ಆಯೋಗ. ಕ್ಯಾಲಿಫೋರ್ನಿಯಾದ್ದನ್ನು ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಅನ್ನುತ್ತಾರೆ. ನಮ್ಮ ಕೆಇಆರ್‌ಸಿ ಗೊತ್ತಲ್ಲ, ಕರೆಂಟ್ ದರ ಏರಿಸುವ ಮುಂಚೆ ಸಾರ್ವಜನಿಕರ ಅಹವಾಲು ಕೇಳುತ್ತದಲ್ಲ, ಹೆಚ್ಚುಕಮ್ಮಿ ಅದೇ ಥರ. ಆದರೆ ಕರೆಂಟ್ ಜೊತೆಗೆ ಗ್ಯಾಸ್, ಖಾಸಗಿ ನೀರಿನ ಕಂಪನಿ, ಫೋನ್ ಎಲ್ಲ ಇದರ ಕೆಳಗೆ ಬರುತ್ತವೆ. ಐದು ಜನ ಸದಸ್ಯರು, ನೇಮಿಸುವುದು ಗವರ್ನರ್.

ಈ ಆಯೋಗದ ನಿಯಮಗಳಲ್ಲಿ ಒಂದರ ಹೆಸರು ಕ್ಯಾರಿಯರ್ ಆಫ್ ಲಾಸ್ಟ್ ರಿಸಾರ್ಟ್. ನಾನು ಇಲ್ಲಿ ಕೊನೆಯ ಆಸರೆ ಅಂತ ಕರೆಯುತ್ತೇನೆ. ಅರ್ಥ ಇಷ್ಟೇ. ಒಂದು ಪ್ರದೇಶಕ್ಕೆ ಒಬ್ಬ ಕಂಪನಿಯಾದರೂ ಇರಬೇಕು, ಆ ಪ್ರದೇಶದಲ್ಲಿ ಯಾರು ಕೇಳಿದರೂ ಅವನು ಫೋನ್ ಸೇವೆ ಕೊಡಬೇಕು. ಮನೆ ಬೆಟ್ಟದ ತುದಿಯಲ್ಲಿದೆ, ಲಾಭ ಬರುವುದಿಲ್ಲ, ಲೈನ್‌ಮನ್ ಕಳಿಸೋದು ಕಷ್ಟ ಅಂತ ಹೇಳುವ ಹಾಗಿಲ್ಲ. ಕೊಡುವ ಸೇವೆಯೂ ಸುಮ್ನೆ ಏನೋ ಒಂದಲ್ಲ. ಮಾತು ಸ್ಪಷ್ಟವಾಗಿ ಕೇಳಬೇಕು, 911 ಅನ್ನುವ ತುರ್ತು ನಂಬರಿಗೆ ಉಚಿತವಾಗಿ ಕರೆ ಹೋಗಬೇಕು, ಕಿವಿ ಕೇಳದವರಿಗೆ ಮಾತನ್ನು ಬರಹ ಮಾಡಿ ತಲುಪಿಸುವ ರಿಲೇ ಸೇವೆ ಸಿಗಬೇಕು, ಬಡವರಿಗೆ ಲೈಫ್‌ಲೈನ್ ರಿಯಾಯಿತಿ ದರ ಸಿಗಬೇಕು.

ಈ ನಿಯಮ 1996ರದ್ದು. ಆ ವರ್ಷವೇ ಅಮೆರಿಕದಲ್ಲಿ ಸ್ಥಳೀಯ ಫೋನ್ ಸೇವೆಯಲ್ಲಿ ಪೈಪೋಟಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಊರಿಗೆ ಒಂದೇ ಕಂಪನಿ, ಹಾಗಾಗಿ ಕೊಡಲೇಬೇಕು ಅನ್ನುವುದು ತಾನಾಗಿಯೇ ನಡೆಯುತ್ತಿತ್ತು. ಹತ್ತಾರು ಕಂಪನಿ ಬಂದರೆ ಎಲ್ಲರೂ ಊರ ನಡುವಿನ ಲಾಭದ ಬೀದಿಗೆ ನುಗ್ಗುತ್ತಾರೆ, ಬೆಟ್ಟದ ಮನೆಗೆ ಯಾರು ಹೋಗುತ್ತಾರೆ? ಅದಕ್ಕೇ ಹೊಣೆಯನ್ನು ಹೆಸರು ಹಿಡಿದು ಹೊರಿಸಿದರು. ಅದೇ ಆದೇಶದಲ್ಲಿ, ಖರ್ಚು ಜಾಸ್ತಿ ಬೀಳುವ ಪ್ರದೇಶಗಳಿಗೆ ಸಹಾಯಧನದ ನಿಧಿಯನ್ನೂ ಮಾಡಿದರು. ಹೊಣೆ ಬಿಡಬೇಕು ಅಂದರೆ ಬೇರೊಬ್ಬ ಅದನ್ನು ಹೊರಲು ಮುಂದೆ ಬರಬೇಕು ಅಂತಲೂ ಬರೆದರು. ಕೊನೆಗೆ ಇಡೀ ಪ್ರಕರಣ ನಿಂತಿದ್ದು ಈ ಒಂದು ವಾಕ್ಯದ ಮೇಲೆ.

ರಾಜ್ಯದಲ್ಲಿ ಕೊನೆಯ ಆಸರೆಯಾಗಿ ಅತಿ ದೊಡ್ಡ ಪ್ರದೇಶ ಹೊತ್ತಿರುವುದು ಎಟಿ ಅಂಡ್ ಟಿ. ಹಳೆಯ ಪೆಸಿಫಿಕ್ ಬೆಲ್ ಕಂಪನಿಯೇ ಇವತ್ತು ಆ ಹೆಸರಿನಲ್ಲಿದೆ. ಕುತೂಹಲದ ವಿಷಯ ಅಂದರೆ ಎಲ್ಲರಿಗೂ ಫೋನ್ ಅನ್ನುವ ಘೋಷಣೆ ಹುಟ್ಟಿದ್ದೇ ಈ ಕಂಪನಿಯ ಮನೆಯಲ್ಲಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅದರ ಮುಖ್ಯಸ್ಥರಾಗಿದ್ದ ಥಿಯೋಡೋರ್ ವೇಲ್ ಒಂದೇ ನೀತಿ, ಒಂದೇ ವ್ಯವಸ್ಥೆ, ಎಲ್ಲರಿಗೂ ಸೇವೆ ಅಂತ ಸಾರಿದ್ದರು.

ಕಂಪನಿ ಹೇಳಿದ್ದು

ಕಂಪನಿಯ ಮಾತನ್ನು ನ್ಯಾಯವಾಗಿ ಹೇಳಬೇಕು. ಅದರಲ್ಲಿ ಹುರುಳಿದೆ. ತಮ್ಮ ಪ್ರದೇಶದ ಮನೆಗಳಲ್ಲಿ ತಾಮ್ರದ ತಂತಿಯ ಹಳೇ ಫೋನ್ ಬಳಸುವವರು ಈಗ ನೂರಕ್ಕೆ ಐದರಷ್ಟೂ ಇಲ್ಲ ಅಂತ ಕಂಪನಿ ಹೇಳಿತು. ಆ ಐದು ಜನಕ್ಕೋಸ್ಕರ ನೂರು ಮನೆಯ ಮುಂದೆಯೂ ಕೇಬಲ್ ಇಟ್ಟುಕೊಂಡಿರಬೇಕು. ಮಳೆ ಬಂದರೆ ನೀರು ಒಳಗಿಳಿದು ಗೊರಗೊರ ಸದ್ದು, ಕಳ್ಳರು ತಾಮ್ರಕ್ಕಾಗಿ ಕೇಬಲ್ ಕತ್ತರಿಸಿ ಒಯ್ಯುವುದು, ಹಳೇ ಬಿಡಿಭಾಗ ತಯಾರಿಸುವವರೇ ಇಲ್ಲದಿರುವುದು. ಜೋಡಣೆ ಗೊತ್ತಿರುವ ಲೈನ್‌ಮನ್‌ಗಳು ನಿವೃತ್ತರಾಗುತ್ತಿದ್ದಾರೆ. ಈ ಹಣವನ್ನೆಲ್ಲ ಫೈಬರ್‌ಗೆ ಹಾಕಬಹುದಲ್ಲ, ಮೊಬೈಲ್ ಇದೆ, ಇಂಟರ್ನೆಟ್ ಫೋನ್ ಇದೆ, ಜನ ಆಗಲೇ ಅತ್ತ ಹೋಗಿಬಿಟ್ಟಿದ್ದಾರಲ್ಲ, ಮತ್ತೇಕೆ ನಮ್ಮ ಒಬ್ಬರ ತಲೆ ಮೇಲೆ ಈ ಹೊರೆ ಅನ್ನುವುದು ಅವರ ವಾದ.

ಬೇರೆ ರಾಜ್ಯಗಳಲ್ಲಿ ಈ ವಾದ ಗೆದ್ದಿತ್ತು. ಮಿಷಿಗನ್ 2014ರಲ್ಲಿ, ಕೆಂಟಕಿ 2015ರಲ್ಲಿ, ಇಲಿನಾಯ್ 2017ರಲ್ಲಿ ಕಾನೂನು ಬದಲಿಸಿದವು. ಇಲಿನಾಯ್‌ನಲ್ಲಿ ನಡೆದದ್ದನ್ನು ಒಂದು ನಿಮಿಷ ನಿಂತು ನೋಡಬೇಕು. 911 ತುರ್ತು ಕರೆಯ ವ್ಯವಸ್ಥೆಗೆ ಹಣ ಕೊಡುವ ಮಸೂದೆ ಮತ್ತು ಹಳೇ ಲ್ಯಾಂಡ್‌ಲೈನ್ ನಿಲ್ಲಿಸಲು ದಾರಿ ಮಾಡಿಕೊಡುವ ಮಾತು, ಎರಡನ್ನೂ ಒಂದೇ ಮಸೂದೆಯಲ್ಲಿ ಕಟ್ಟಿದರು. ಗವರ್ನರ್ ತಡೆದರು, ಶಾಸನಸಭೆ ಅದನ್ನು ಮೀರಿ ಪಾಸು ಮಾಡಿತು. 911ಕ್ಕೆ ಹಣ ಬೇಡ ಅನ್ನಲು ಯಾವ ಶಾಸಕನಿಗೆ ಧೈರ್ಯ ಬರುತ್ತದೆ ಹೇಳಿ. ಎಟಿ ಅಂಡ್ ಟಿ ಹಳೇ ಫೋನ್ ಕಂಪನಿಯಾಗಿರುವ 21 ರಾಜ್ಯಗಳಲ್ಲಿ ಈ ಥರದ ಬಿಡುಗಡೆ ಸಿಗದೆ ಉಳಿದದ್ದು ಕೊನೆಗೆ ಕ್ಯಾಲಿಫೋರ್ನಿಯಾ ಒಂದೇ.

ಫೈರ್ ಐಲ್ಯಾಂಡ್ ಪಾಠ

ಕ್ಯಾಲಿಫೋರ್ನಿಯಾದ ಕತೆಗೆ ಮುಂಚೆ ದೇಶದ ಇನ್ನೊಂದು ತುದಿಗೆ ಹೋಗಿ ಬರೋಣ, ಯಾಕಂದರೆ ತಂತಿ ತೆಗೆದು ಬೇರೇನೋ ಕೊಟ್ಟರೆ ಏನಾಗುತ್ತದೆ ಅಂತ ಅಲ್ಲಿ ಆಗಲೇ ನೋಡಿಯಾಗಿತ್ತು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ಗೆ ದಕ್ಷಿಣದಲ್ಲಿ ಫೈರ್ ಐಲ್ಯಾಂಡ್ ಅಂತ ರಿಬ್ಬನ್ನಿನ ಹಾಗೆ ಉದ್ದಕ್ಕೆ ಮಲಗಿರುವ ಮರಳಿನ ದ್ವೀಪ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂದು ದ್ವೀಪದ ಪಶ್ಚಿಮ ಭಾಗದ ತಾಮ್ರದ ಕೇಬಲ್‌ಗಳು ಉಪ್ಪುನೀರಿಗೆ ಹಾಳಾದವು. ವೆರೈಝಾನ್ ಕಂಪನಿ ಮತ್ತೆ ಕೇಬಲ್ ಎಳೆಯಲಿಲ್ಲ. ಬದಲಿಗೆ ವಾಯ್ಸ್ ಲಿಂಕ್ ಅನ್ನುವ ಚಿಕ್ಕ ಡಬ್ಬಿ ಕೊಡುತ್ತೇವೆ ಅಂದಿತು. ಅದು ಮೊಬೈಲ್ ಟವರ್ ಹಿಡಿದು ಮನೆಯ ಫೋನಿಗೆ ಡಯಲ್ ಟೋನ್ ಕೊಡುತ್ತದೆ. 2013ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಯೋಗ ತಾತ್ಕಾಲಿಕವಾಗಿ ಒಪ್ಪಿತು.

ಡಬ್ಬಿ ಗೋಡೆಗೇರಿದ ಮೇಲೆ ಒಂದೊಂದೇ ಹೊರಬಿತ್ತು. ಫ್ಯಾಕ್ಸ್ ಹೋಗುವುದಿಲ್ಲ. ಅಂಗಡಿಯವರ ಕಾರ್ಡ್ ಉಜ್ಜುವ ಯಂತ್ರ ನಡೆಯುವುದಿಲ್ಲ. ಕಳ್ಳರ ಅಲಾರ್ಮ್, ವಯಸ್ಸಾದವರು ಕುತ್ತಿಗೆಗೆ ಹಾಕಿಕೊಳ್ಳುವ ಮೆಡಿಕಲ್ ಅಲರ್ಟ್ ಗುಂಡಿ, ಫೋನ್ ತಂತಿಯಲ್ಲೇ ಬರುವ ಡಿಎಸ್‌ಎಲ್ ಇಂಟರ್ನೆಟ್, ಯಾವುದೂ ಇದರ ಮೇಲೆ ಓಡುವುದಿಲ್ಲ. ಕರೆಂಟ್ ಹೋದರೆ ಬ್ಯಾಟರಿ ಮಾತಿಗೆ ಎರಡು ಗಂಟೆ ಬರುತ್ತದೆ, ಅಷ್ಟೇ. ಜನ ಸಿಟ್ಟಾದರು, ರಾಜ್ಯದ ಅಟಾರ್ನಿ ಜನರಲ್ ಕೂಡ ತಗಾದೆ ತೆಗೆದರು. ಸೆಪ್ಟೆಂಬರ್ ಹೊತ್ತಿಗೆ ಕಂಪನಿ ಮನಸ್ಸು ಬದಲಿಸಿತು, ದ್ವೀಪಕ್ಕೆ ಫೈಬರ್ ಎಳೆಯುತ್ತೇವೆ ಅಂದಿತು. ಗಮನಿಸಿ, ಜನರಿಗೆ ಕೊನೆಗೆ ಸಿಕ್ಕಿದ್ದು ಹಳೇ ತಾಮ್ರ ಅಲ್ಲ. ಅದಕ್ಕಿಂತ ಒಳ್ಳೆಯದು. ಹೊಣೆ ಬಿಡದೆ ಹಿಡಿದಿದ್ದರಿಂದಲೇ ಅದು ಸಿಕ್ಕಿತು.

ವಿಚಾರಣೆ

2024ರ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಆಯೋಗ ಜನರ ಮಾತು ಕೇಳಲು ಹೊರಟಿತು. ಕ್ಲೋವಿಸ್, ಯೂಕಾಯ, ಇಂಡಿಯೊ ಊರುಗಳಲ್ಲಿ ಸಭೆ, ಆಮೇಲೆ ಆನ್‌ಲೈನ್ ಸಭೆ. ಊರುಗಳ ಆಯ್ಕೆಯೇ ನನಗೆ ಇಷ್ಟವಾಯಿತು. ಕ್ಲೋವಿಸ್ ಅಂದರೆ ಫ್ರೆಸ್ನೊ ಪಕ್ಕದ ಬೇಸಾಯದ ಬಯಲು, ಹಿಂದೆ ಸಿಯೆರಾ ಬೆಟ್ಟಗಳು. ಯೂಕಾಯ ಕಣಿವೆಯ ಊರು, ಸುತ್ತ ಮೊಬೈಲ್ ಸಿಗದ ಕಾಡು. ಇಂಡಿಯೊ ಮರುಭೂಮಿ. ಲಿಖಿತವಾಗಿ ಬಂದ ಅಭಿಪ್ರಾಯಗಳೇ 5,000 ದಾಟಿದವು. ಬಳಕೆದಾರರ ಪರ ಕೆಲಸ ಮಾಡುವ ಟರ್ನ್ ಸಂಸ್ಥೆ, ಆಯೋಗದೊಳಗೇ ಇರುವ ಗ್ರಾಹಕರ ಪರ ಕಚೇರಿ, ಗ್ರಾಮೀಣ ಕೌಂಟಿಗಳ ಒಕ್ಕೂಟ, ಎಲ್ಲರೂ ವಿರೋಧಿಸಿದರು.

ವಿರೋಧದ ತಿರುಳು ಹಳೇ ಫೋನಿನ ಮೇಲಿನ ಮಮತೆ ಆಗಿರಲಿಲ್ಲ. ಅದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಹೊರಗಿನಿಂದ ನೋಡುವವರು ಮುದುಕರ ಹಟ ಅಂದುಕೊಳ್ಳುತ್ತಾರೆ. ವಿಷಯ ಇರುವುದು ಕರೆಂಟ್‌ನಲ್ಲಿ. ತಾಮ್ರದ ಫೋನ್ ಮನೆಯ ಕರೆಂಟ್ ಮುಟ್ಟುವುದೇ ಇಲ್ಲ. ಎಕ್ಸ್‌ಚೇಂಜ್‌ನಲ್ಲಿ ದೊಡ್ಡ ಬ್ಯಾಟರಿಗಳ ಸಾಲು ಇರುತ್ತದೆ, 48 ವೋಲ್ಟ್, ಅದರ ಹಿಂದೆ ಡೀಸೆಲ್ ಜನರೇಟರ್. ನೀವು ರಿಸೀವರ್ ಎತ್ತಿದಾಗ ಕೊಕ್ಕೆ ಮೇಲೇಳುತ್ತದೆ, ಎರಡು ತಂತಿ ಸೇರಿ ಸುತ್ತು ಪೂರ್ತಿಯಾಗುತ್ತದೆ, ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ ಸಣ್ಣ ಕರೆಂಟ್ ನಿಮ್ಮ ಅಡುಗೆಮನೆವರೆಗೆ ಹರಿದು ಬರುತ್ತದೆ. ಅದನ್ನು ಕಂಡ ಎಕ್ಸ್‌ಚೇಂಜ್ ಡಯಲ್ ಟೋನ್ ಕಳಿಸುತ್ತದೆ. ಗಂಟೆ ಹೊಡೆಯುವ ಕರೆಂಟ್ ಕೂಡ ಅಲ್ಲಿಂದಲೇ. ಊರಿಗೆ ಊರೇ ಕತ್ತಲಾಗಿದ್ದರೂ ಅಜ್ಜಿಯ ಫೋನ್ ನಡೆದದ್ದು ಹೀಗೆ.

ಫೈಬರ್ ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಮನೆಯ ಡಬ್ಬಿಗೆ ಮನೆಯ ಪ್ಲಗ್‌ನಿಂದಲೇ ಕರೆಂಟ್ ಬೇಕು. ಮೊಬೈಲ್‌ಗೆ ಟವರ್‌ನ ಬ್ಯಾಟರಿ ಉಳಿದಿರಬೇಕು. ಇನ್ನೊಂದು ವಿಷಯ ವಿಳಾಸದ್ದು. ಲ್ಯಾಂಡ್‌ಲೈನ್‌ನಿಂದ 911ಕ್ಕೆ ಕರೆ ಹೋದರೆ ಅಲ್ಲಿ ಕೂತವರ ಪರದೆಯ ಮೇಲೆ ಮನೆಯ ವಿಳಾಸವೇ ಬರುತ್ತದೆ, ಮಾತಾಡಲು ಆಗದೆ ಕುಸಿದು ಬಿದ್ದವರ ಮನೆಗೂ ಆಂಬುಲೆನ್ಸ್ ಹೋಗುತ್ತದೆ. ಮೊಬೈಲ್ ಸುಮಾರಾಗಿ ಒಂದು ಜಾಗ ತೋರಿಸುತ್ತದೆ. ಮರ ತುಂಬಿದ ಬೆಟ್ಟದಲ್ಲಿ ಆ ಸುಮಾರು ಅನ್ನುವುದು ಒಂದು ಕಣಿವೆ ಆಚೆಯೂ ಆಗಬಹುದು.

ಕ್ಯಾಲಿಫೋರ್ನಿಯಾದವರಿಗೆ ಇದು ಪುಸ್ತಕದ ಮಾತಲ್ಲ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಅನ್ನುವ ಊರು ಸುಟ್ಟುಹೋಗಿ 85 ಜನ ಸತ್ತರು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಎಷ್ಟೋ ಮನೆಗಳಿಗೆ ಎಚ್ಚರಿಕೆ ತಲುಪಲೇ ಇಲ್ಲ. ಹಾಗಂತ ತಾಮ್ರ ಎಲ್ಲವನ್ನೂ ತಡೆದುಕೊಳ್ಳುತ್ತದೆ ಅಂತಲೂ ಅಲ್ಲ, ಕಂಬ ಸುಟ್ಟರೆ ತಂತಿಯೂ ಸುಡುತ್ತದೆ. ನಾನು ಹೇಳುತ್ತಿರುವುದು ಇಷ್ಟು, ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ಉಳಿದಿರಬೇಕು.

ತೀರ್ಪು

2024ರ ಮೇ ತಿಂಗಳಲ್ಲಿ ಕರಡು ತೀರ್ಪು ಬಂತು, ಜೂನ್ 20ರಂದು ಆಯೋಗ ಮತ ಹಾಕಿತು. ಅರ್ಜಿ ವಜಾ. ಅದೂ ಇದೇ ಅರ್ಜಿಯನ್ನು ಮತ್ತೆ ತರುವ ಹಾಗಿಲ್ಲ ಅನ್ನುವ ಷರತ್ತಿನ ವಜಾ.

ಕಾರಣ ಬಹಳ ಸರಳ. ಹೊಣೆ ಬಿಡಬೇಕಾದರೆ ಹೊರಲು ಇನ್ನೊಬ್ಬ ಬೇಕು ಅಂತ ನಿಯಮ ಹೇಳುತ್ತದೆ. ಬೇರೆ ಯಾವ ಕಂಪನಿಯೂ ನಾನು ಕೊನೆಯ ಆಸರೆ ಆಗುತ್ತೇನೆ ಅಂತ ಮುಂದೆ ಬರಲಿಲ್ಲ. ಮೊಬೈಲ್ ಇದೆ, ಇಂಟರ್ನೆಟ್ ಫೋನ್ ಇದೆ ಅಂತ ಎಟಿ ಅಂಡ್ ಟಿ ತೋರಿಸಿತು, ಆದರೆ ಅವರಲ್ಲಿ ಯಾರಿಗೂ ಎಲ್ಲರಿಗೂ ಕೊಡಲೇಬೇಕು ಅನ್ನುವ ಕಟ್ಟಿಲ್ಲ. ಇವತ್ತು ಸಿಗ್ನಲ್ ಇದೆ ಅನ್ನುವುದಕ್ಕೂ ನಾಳೆಯೂ ಕೊಡಲೇಬೇಕು ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ನನಗೆ ಬಹಳ ಮುಖ್ಯ ಅನಿಸಿದ್ದು ಆಯೋಗ ಹೇಳಿದ ಇನ್ನೊಂದು ಮಾತು. ನಿಯಮದಲ್ಲಿ ತಾಮ್ರ ಅನ್ನುವ ಕಡ್ಡಾಯವೇ ಇಲ್ಲ. ಯಾವ ತಂತ್ರಜ್ಞಾನದಿಂದ ಬೇಕಾದರೂ ಸೇವೆ ಕೊಡಬಹುದು ಅನ್ನುವ ಹಾಗೆ ಮೂಲ ಸೇವೆಯ ವಿವರಣೆಯನ್ನು 2012ರಲ್ಲೇ ತಿದ್ದಿಯಾಗಿತ್ತು. ತಾಮ್ರ ತೆಗೆಯಿರಿ, ಫೈಬರ್ ಹಾಕಿ, ನಿಯಮ ಅಡ್ಡ ಬರುವುದಿಲ್ಲ. ಕೇಳಿದವರಿಗೆ ಕೊಡಿ, ಅಷ್ಟೇ. ಹಾಗಾದರೆ ಒಂದೂಕಾಲು ವರ್ಷ ಪತ್ರಿಕೆಗಳಲ್ಲಿ ಹಳೇ ತಂತಿ ವಿರುದ್ಧ ಹೊಸ ತಂತ್ರಜ್ಞಾನ ಅಂತ ಓಡಿದ ಚರ್ಚೆ ಅರ್ಧಕ್ಕರ್ಧ ದಾರಿ ತಪ್ಪಿತ್ತು. ಜಗಳ ತಂತಿಯದ್ದಲ್ಲ, ಹೊಣೆಯದ್ದು. ಕಂಪನಿ ಬಿಡಲು ಬಯಸಿದ್ದು ತಾಮ್ರವನ್ನು ಮಾತ್ರ ಆಗಿದ್ದರೆ ಈ ಅರ್ಜಿಯೇ ಬೇಕಿರಲಿಲ್ಲ. ಫೈಬರ್ ಎಳೆಯಲು ಲಾಭವಿಲ್ಲದ ಮನೆಗಳನ್ನು ಬಿಡುವ ಸ್ವಾತಂತ್ರ್ಯ ಬೇಕಾಗಿತ್ತು ಅಂತಲೇ ನಾನು ಓದಿಕೊಳ್ಳುತ್ತೇನೆ.

ಅರ್ಜಿ ನಡೆಯುತ್ತಿದ್ದಾಗಲೇ ಇನ್ನೊಂದು ದಾರಿಯಲ್ಲೂ ಪ್ರಯತ್ನ ನಡೆದಿತ್ತು. ಆಯೋಗ ಬಿಡದಿದ್ದರೆ ಶಾಸನಸಭೆ. 2024ರಲ್ಲಿ ಟೀನಾ ಮೆಕಿನರ್ ಅನ್ನುವ ಸದಸ್ಯೆ ಈ ಹೊಣೆ ಸಡಿಲಿಸುವ ಎಬಿ 2797 ಮಸೂದೆ ತಂದರು, ಅದು ಕಾನೂನಾಗಲಿಲ್ಲ. 2025ರಲ್ಲಿ ಅವರೇ ಎಬಿ 470 ತಂದರು. ಕಂಪನಿಯೂ 2029ರ ಕೊನೆಯೊಳಗೆ ತನ್ನ ತಾಮ್ರದ ಜಾಲದ ಬಹುಪಾಲನ್ನು ಮುಚ್ಚುತ್ತೇನೆ, ಕ್ಯಾಲಿಫೋರ್ನಿಯಾ ಬಿಟ್ಟು, ಅಂತ 2024ರ ಡಿಸೆಂಬರ್‌ನಲ್ಲಿ ಹೂಡಿಕೆದಾರರಿಗೆ ಹೇಳಿತು. ಒಂದು ರಾಜ್ಯದ ಒಂದು ಹಳೇ ನಿಯಮ ಅಷ್ಟು ದೊಡ್ಡ ಯೋಜನೆಗೆ ಅಪವಾದವಾಗಿ ನಿಂತಿದೆ.

ಹಾಗಾದರೆ ನಿಯಮ ಬದಲಾಗಬೇಕಾ?

ಬದಲಾಗಬೇಕು. ಅರ್ಜಿ ವಜಾ ಆದದ್ದಕ್ಕೆ ನನಗೆ ಸಂತೋಷವಾಯಿತು, ಆದರೂ 1996ರ ನಿಯಮ ಇದ್ದ ಹಾಗೇ ಇರಲಿ ಅಂತ ನಾನು ಹೇಳುವುದಿಲ್ಲ. ಆಯೋಗವೂ ಹೇಳಲಿಲ್ಲ. ವಜಾ ಮಾಡಿದ ದಿನವೇ ಕೊನೆಯ ಆಸರೆಯ ನಿಯಮಗಳನ್ನು ಪರಿಷ್ಕರಿಸುವ ಹೊಸ ಪ್ರಕ್ರಿಯೆ ಶುರು ಮಾಡಿತು. ಒಬ್ಬ ಕಂಪನಿಗೆ ವಿನಾಯಿತಿ ಕೊಡುವುದಕ್ಕೂ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಎಲ್ಲರ ಮುಂದೆ ತಿದ್ದುವುದಕ್ಕೂ ಅಜಗಜಾಂತರ.

ತಿದ್ದಬೇಕಾದದ್ದು ಬೇಕಾದಷ್ಟಿದೆ. ಊರ ನಡುವೆ ಮೂರು ಕಂಪನಿಯ ಫೈಬರ್, ನಾಲ್ಕು ಟವರ್ ಇರುವ ಕಡೆ ಒಬ್ಬನ ತಲೆ ಮೇಲೆ ಮಾತ್ರ ಹೊಣೆ ಇಡುವುದರಲ್ಲಿ ನನಗೂ ಅರ್ಥ ಕಾಣುವುದಿಲ್ಲ. ಅಲ್ಲಿ ಬಿಡಲಿ. ಆದರೆ ಸಿಗ್ನಲ್ ಇದೆ ಅನ್ನುವುದನ್ನು ಕಂಪನಿಯ ಬಣ್ಣದ ನಕ್ಷೆ ನೋಡಿ ನಿರ್ಧರಿಸಬಾರದು. ಮನೆಯೊಳಗೆ, ಅಡುಗೆಮನೆಯಲ್ಲಿ, ಮಳೆಗಾಲದಲ್ಲಿ ಕರೆ ಹೋಗುತ್ತದಾ ಅಂತ ನೋಡಬೇಕು. ನಕ್ಷೆಯಲ್ಲಿ ನಮ್ಮ ಗುಡ್ಡವೂ ಪೂರ್ತಿ ಬಣ್ಣದಲ್ಲೇ ಇತ್ತು.

ಇಂಟರ್ನೆಟ್ ಫೋನಿನ ಮೇಲೆ ಕಣ್ಣಿಡುವ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಒಮ್ಮೆ ತನ್ನ ಕೈ ತಾನೇ ಕಟ್ಟಿಕೊಂಡಿತ್ತು. 2012ರಲ್ಲಿ ಎಸ್‌ಬಿ 1161 ಅನ್ನುವ ಕಾನೂನು ಬಂದು, 2020ರ ಜನವರಿವರೆಗೆ ಆ ಸೇವೆಯನ್ನು ಆಯೋಗ ನಿಯಂತ್ರಿಸುವ ಹಾಗಿಲ್ಲ ಅಂತ ಮಾಡಿತ್ತು. ಜನ ತಾಮ್ರ ಬಿಟ್ಟು ಇಂಟರ್ನೆಟ್ ಫೋನಿಗೆ ಹೋದದ್ದು ಹೆಚ್ಚಾಗಿ ಆ ವರ್ಷಗಳಲ್ಲೇ. ಅಂದರೆ ರಕ್ಷಣೆ ಇದ್ದ ಮನೆಯಿಂದ ರಕ್ಷಣೆ ಇಲ್ಲದ ಮನೆಗೆ ಹೋದರು, ಬಹಳಷ್ಟು ಜನಕ್ಕೆ ಅದು ಗೊತ್ತೇ ಆಗಲಿಲ್ಲ, ಯಾಕಂದರೆ ಕೈಯಲ್ಲಿದ್ದ ಫೋನ್ ಅದೇ, ನಂಬರ್ ಅದೇ, ಬಿಲ್ ಮೇಲಿನ ಹೆಸರೂ ಅದೇ. 2019ರಲ್ಲಿ ಆ ಕಾನೂನನ್ನು ಮುಂದುವರಿಸುವ ಪ್ರಯತ್ನ ಬಿದ್ದುಹೋಯಿತು. ಅದು ಬಿದ್ದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಈಗ ಪರಿಷ್ಕರಿಸಲು ಕೂತಾಗ ಆಯೋಗದ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಬ್ಯಾಟರಿಯ ಪ್ರಶ್ನೆಯಲ್ಲಿ ಒಂದಿಷ್ಟು ಕೆಲಸ ಆಗಿದೆ. 2019ರ ಕತ್ತಲಿನ ನಂತರ, 2020ರಲ್ಲಿ, ಕಾಡ್ಗಿಚ್ಚಿನ ಅಪಾಯ ಜಾಸ್ತಿ ಇರುವ ಪ್ರದೇಶಗಳಲ್ಲಿ ಮೊಬೈಲ್ ಕಂಪನಿಗಳು 72 ಗಂಟೆ ನಡೆಯುವಷ್ಟು ಬದಲಿ ಕರೆಂಟ್ ಇಟ್ಟುಕೊಳ್ಳಬೇಕು ಅಂತ ಆಯೋಗ ಹೇಳಿತು, 2021ರಲ್ಲಿ ತಂತಿಯ ಕಂಪನಿಗಳಿಗೂ ಅದನ್ನೇ ಹೇಳಿತು. ಕಂಪನಿ ಕಡೆಯ ಉಪಕರಣಕ್ಕೆ 72 ಗಂಟೆ. ಮನೆಯೊಳಗಿನ ಡಬ್ಬಿಗೆ? 2015ರಲ್ಲಿ ಎಫ್‌ಸಿಸಿ ಮಾಡಿದ ನಿಯಮದ ಪ್ರಕಾರ ಮೊದಲು 8 ಗಂಟೆಯ, ಆಮೇಲೆ 24 ಗಂಟೆಯ ಬ್ಯಾಟರಿಯನ್ನು ಕಂಪನಿ ಮಾರಾಟಕ್ಕೆ ಇಡಬೇಕಿತ್ತು. ಕೊಡಬೇಕು ಅಂತ ಅಲ್ಲ, ಮಾರಬೇಕು ಅಂತ. ಕೊಳ್ಳುವುದು ಬಳಕೆದಾರರ ಇಷ್ಟ, ಖರ್ಚು ಅವರದ್ದೇ. ಆ ನಿಯಮದ ಅವಧಿ 2025ರ ಸೆಪ್ಟೆಂಬರ್‌ವರೆಗೆ ಮಾತ್ರ ಅಂತ ಆಗಲೇ ಬರೆದಿಟ್ಟಿದ್ದರು. ತಾಮ್ರದ ಕಾಲದಲ್ಲಿ ಎಕ್ಸ್‌ಚೇಂಜ್‌ನವರು ನೋಡಿಕೊಳ್ಳುತ್ತಿದ್ದ ಬ್ಯಾಟರಿ ಈಗ ಎಂಬತ್ತು ದಾಟಿದ ಅಜ್ಜಿಯ ಜವಾಬ್ದಾರಿಯಾಯಿತು. ಈ ಇಡೀ ಬದಲಾವಣೆಯಲ್ಲಿ ನನಗೆ ಅತ್ಯಂತ ಅನ್ಯಾಯ ಅನಿಸುವುದು ಇದೇ.

ಊರಿನ ನೆನಪು ಬರುತ್ತದೆ. ನನ್ನ ಅಜ್ಜನ ಮನೆ ಮಲೆನಾಡಿನಲ್ಲಿ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ, ಆದರೂ ಮಾವ ಬೆಂಗಳೂರಿನಿಂದ ಮಾಡಿದ ಫೋನ್ ಟ್ರಿಂಗ್ ಅನ್ನುತ್ತಿತ್ತು. ಊರ ಎಕ್ಸ್‌ಚೇಂಜ್ ಅಂದರೆ ಒಂದು ಕೋಣೆ, ಒಳಗೆ ಗಾಜಿನ ಡಬ್ಬಿಯಂಥ ಬ್ಯಾಟರಿಗಳು ಸಾಲಾಗಿ. ಆಸಿಡ್ ವಾಸನೆಗೆ ಮೂಗು ಮುಚ್ಚಿಕೊಂಡು ಕಿಟಕಿಯಲ್ಲಿ ಇಣುಕುತ್ತಿದ್ದೆವು. ಈಗ ಅದೇ ಕಡೆಯ ಮಕ್ಕಳು ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಛತ್ರಿ ಹಿಡಿದು ಗುಡ್ಡ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ನಮ್ಮಲ್ಲೂ ಹಳ್ಳಿಗಳ ಸಂಪರ್ಕಕ್ಕೆ ಅಂತ ನಿಧಿ ಇದೆ, ಮೊದಲು ಯುಎಸ್‌ಒ ನಿಧಿ ಅಂತಿದ್ದದ್ದು ಈಗ ಡಿಜಿಟಲ್ ಭಾರತ್ ನಿಧಿ. ನಿಧಿ ಹಣ ಕೊಡುತ್ತದೆ. ಈ ಮನೆಗೆ ನೀನು ಕೊಡಲೇಬೇಕು ಅಂತ ಒಬ್ಬನ ಹೆಸರು ಹಿಡಿದು ಹೇಳುವುದು ಬೇರೆಯೇ ಬಲ.

ಈಗ ನಾವು ಬೇರೆ ಊರಲ್ಲಿದ್ದೇವೆ, ಮನೆಗೆ ಫೈಬರ್ ಇದೆ, ಅದರ ಮೇಲೇ ಮನೆ ಫೋನ್. ಹೋದ ತಿಂಗಳು ಒಂದು ಭಾನುವಾರ ಪರೀಕ್ಷೆ ಮಾಡಿ ನೋಡೋಣ ಅಂತ ಗೋಡೆಯ ಡಬ್ಬಿಯ ಪ್ಲಗ್ ಕಿತ್ತೆ. ಹಸಿರು ದೀಪ ಆರಿತು, ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ಒಂದು ಸಣ್ಣ ಯುಪಿಎಸ್ ತಂದು ಸಿಕ್ಕಿಸಿ ಮತ್ತೆ ಕಿತ್ತೆ. ಗಡಿಯಾರ ನೋಡುತ್ತ ಕೂತೆ. ಮೂರು ಗಂಟೆ ಹತ್ತು ನಿಮಿಷ ಬಂತು. ಆ ಸಂಜೆಯೇ ಆಯೋಗದ ವೆಬ್‌ಸೈಟಿಗೆ ಹೋಗಿ, ಪರಿಷ್ಕರಣೆಯ ಪ್ರಕ್ರಿಯೆಯಲ್ಲಿ ಸಾರ್ವಜನಿಕರ ಅಭಿಪ್ರಾಯ ಹಾಕುವ ಜಾಗದಲ್ಲಿ ಬರೆದೆ. ಯಾವ ತಂತ್ರಜ್ಞಾನದಲ್ಲಿ ಬೇಕಾದರೂ ಕೊಡಿ, ಆದರೆ ಮನೆಯೊಳಗಿನ ಬ್ಯಾಟರಿಯನ್ನೂ ಮೂಲ ಸೇವೆಯ ಭಾಗ ಮಾಡಿ, ಟವರ್‌ಗೆ ಹೇಳಿದ 72 ಗಂಟೆಯನ್ನೇ ಅದಕ್ಕೂ ಹೇಳಿ, ತಂದು ಹಾಕುವುದು, ಹಳತಾದಾಗ ಬದಲಿಸುವುದು ಕಂಪನಿಯ ಕೆಲಸ ಅಂತ ಬರೆಯಿರಿ. ಕೊನೆಯಲ್ಲಿ ಆ ಮೂರು ಗಂಟೆ ಹತ್ತು ನಿಮಿಷದ ಲೆಕ್ಕವನ್ನೂ, 2019ರಲ್ಲಿ ಅಜ್ಜಿಯ ಅಡುಗೆಮನೆಯಲ್ಲಿ ಕೇಳಿದ ಡಯಲ್ ಟೋನ್ ವಿಷಯವನ್ನೂ ಸೇರಿಸಿದೆ.